ನಡುವಿನ ದೊಣೆಯಿಂದ ಮಲ್ಲನನ್ನು ಕರೆತಂದ ದಿನ

ಆ ಕಾಲದಲ್ಲಿ ನಮಗೆ ಊರು ಬಿಟ್ಟು ಹೋಗುವುದೆಂದರೆ ಬೆಟ್ಟಕ್ಕೆ ಹೋಗುವುದು, ಅಷ್ಟೇ. ಹಸ್ತ, ಚಿತ್ತೆ ಮಳೆ ಚೆನ್ನಾಗಿ ಹೊಡೆದ ವರ್ಷ ಕಂದಿಕೆರೆ ಕಡೆಯ ನಮ್ಮ ಬೆಟ್ಟದ ನೆತ್ತಿಯ ದೊಣೆಗಳು ತುಂಬಿಕೊಳ್ಳುತ್ತಿದ್ದವು. ದೊಣೆ ಎಂದರೆ ಬಂಡೆಯಲ್ಲೇ ಆದ ಕೊಳ. ಮೇಲಿನದು ತುಂಬಿ ನಡುವಿನದಕ್ಕೆ, ನಡುವಿನದು ತುಂಬಿ ಕೆಳಗಿನದಕ್ಕೆ ನೀರು ಹರಿದು, ಕೊನೆಗೆ ದೊಡ್ಡ ಬಂಡೆಯ ಮೇಲಿಂದ ಜರಿಯಾಗಿ ಬೀಳುತ್ತಿತ್ತು. ನಮ್ಮ ತೆಂಗಿನ ತೋಟದಲ್ಲಿ ನಿಂತರೆ ಆ ಜರಿ ಬೆಟ್ಟದ ಮೇಲೆ ಒಣಹಾಕಿದ ಬಿಳಿ ಪಂಚೆಯಂತೆ ಕಾಣುತ್ತಿತ್ತು. ಅದು ಕಂಡ ಮಾರನೆಯ ದಿನವೇ ನಮ್ಮ ಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದರು.

ಮಕ್ಕಳೇ, ಮೊನ್ನೆ ನೀವು ಅಲ್ಲಿಗೆ ಹೋಗಿ ಬಂದು ಫೋಟೋ ತೋರಿಸಿ, "ಅಜ್ಜಿ, ನೀನು ಇಲ್ಲಿಗೆಲ್ಲ ಹತ್ತಿದ್ಯಾ?" ಎಂದು ಕೇಳಿದಿರಿ. ಹೂಂ ಎಂದು ಸುಮ್ಮನಾದೆ. ಉಳಿದದ್ದನ್ನು ಬರೆಯುತ್ತಿದ್ದೇನೆ.

ನಾವು ಹೋಗುತ್ತಿದ್ದದ್ದು ಐದು ಜನ. ಅಪ್ಪನ ತಾಯಿ, ಅಂದರೆ ನನ್ನಜ್ಜಿ. ಅಪ್ಪ, ಅವ್ವ, ನಾನು, ನನಗಿಂತ ಚಿಕ್ಕವನಾದ ತಮ್ಮ ಮಲ್ಲ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೊಬ್ಬರಿ ಬೆಲ್ಲ ಗಂಟಿನಲ್ಲಿರುತ್ತಿದ್ದವು. ದಾರಿಯುದ್ದಕ್ಕೂ ಮಜ್ಜಿಗೆಹುಲ್ಲಿನ ವಾಸನೆ. ಮಲ್ಲ ತೋಟದಿಂದಲೇ ಹೊಂಬಾಳೆಯ ಒಣಸಿಪ್ಪೆ ಎತ್ತಿಕೊಂಡು ಬರುತ್ತಿದ್ದ. ಅದು ದೋಣಿಯ ಹಾಗೇ ಇರುತ್ತದೆ, ನೀವು ನೋಡಿದ್ದೀರಿ. ಮೇಲಿನ ದೊಣೆಯಲ್ಲಿ ಅದನ್ನು ಬಿಟ್ಟು, ನೀರಿನ ಜೊತೆ ಅದು ನಡುವಿನ ದೊಣೆಗೆ ಬಂದು ಬೀಳುವುದನ್ನು ನೋಡಲು ಓಡುತ್ತಿದ್ದ. ನಾನು ನೀರಿನ ಹತ್ತಿರ ಹೋಗುತ್ತಿರಲಿಲ್ಲ. "ಅಕ್ಕ ಪುಕ್ಲಿ, ಅಕ್ಕ ಪುಕ್ಲಿ" ಎಂದು ಕುಣಿಯುತ್ತಿದ್ದ.

ಅಂಥ ಒಂದು ವರ್ಷ ದೋಣಿಯ ಹಿಂದೆ ಓಡಿದವನು ಪಾಚಿಯ ಮೇಲೆ ಜಾರಿ ನಡುವಿನ ದೊಣೆಗೆ ಬಿದ್ದ. ಅಪ್ಪ ಧುಮುಕಿ ಎತ್ತಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ತೋಟದ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿದರು.

ಆದರೆ ಅವ್ವ ಅದನ್ನು ಒಪ್ಪಲಿಲ್ಲ. "ತಂದಿದ್ದು ಬರೀ ಮೈ ಅಷ್ಟೇಯ. ಮಗ ಅಲ್ಲೇ ಅವ್ನೆ" ಎನ್ನುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು ಬೆಟ್ಟದ ಬುಡದವರೆಗೆ ಹೋಗಿ ನಿಂತುಬಿಡುತ್ತಿದ್ದಳು. ನಾನು ಹೋಗಿ ಸೆರಗು ಹಿಡಿದು ಎಳೆದು ತರಬೇಕಿತ್ತು. ಬರಬರುತ್ತಾ ಒಂದು ಹೊತ್ತಿನ ಊಟವೂ ಅವಳಿಗೆ ಸೇರದಾಯಿತು. ರವಿಕೆಯ ತೋಳು ಜೋತುಬಿದ್ದಿತ್ತು.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಮನೆಯಿಂದ ದೂರದಲ್ಲಿ, ನೀರಲ್ಲೋ ಕಾಡಲ್ಲೋ ಜೀವ ಹೋದರೆ, ಹೋದ ಜಾಗದಿಂದ ಅವರನ್ನು ಕರೆದು ತರಬೇಕು. ನೀರಲ್ಲಿ ಹೋದವರಾದರೆ ಆ ನೀರು ಮತ್ತೆ ಅಷ್ಟೇ ತುಂಬುವ ತನಕ ಕಾಯಬೇಕು. ಆಮೇಲೆ ಅದೇ ನೀರನ್ನು ತಂಬಿಗೆಯಲ್ಲಿ ತುಂಬಿಕೊಂಡು, ಬದುಕಿರುವವರನ್ನು ಕರೆತರುವ ಹಾಗೆ ಮಾತಾಡಿಸುತ್ತಾ ಮನೆಗೆ ಬರಬೇಕು. ಕಲ್ಲಿದ್ದರೆ ಕಲ್ಲಿದೆ ಎನ್ನಬೇಕು, ಮುಳ್ಳಿದ್ದರೆ ಮುಳ್ಳಿದೆ ಎನ್ನಬೇಕು. ಯಾರೂ ಹಿಂದಕ್ಕೆ ತಿರುಗಬಾರದು. ತಿರುಗಿದರೆ ಅವರು ನಿಂತಲ್ಲೇ ನಿಂತುಬಿಡುತ್ತಾರೆ.

ಮರುವರ್ಷ ತೋಟದಿಂದ ಜರಿ ಕಂಡಿತು. ಮಲ್ಲನನ್ನು ಕರೆತರಲು ಹೋಗೋಣ ಎಂದಳು ಅಜ್ಜಿ. ಅಪ್ಪನಿಗೆ ಮನಸ್ಸಿರಲಿಲ್ಲ. "ಸುಮ್ಕಿರವ್ವ. ಸತ್ತೋರು ಎಲ್ಲಾರ ನಡ್ಕಂಡ್ ಬತ್ತಾರಾ?" ಎಂದ.

"ನೀನು ಬರ್ದಿದ್ರೆ ಬುಡ್ಲಾ ಸಿದ್ದ. ಹೆಂಗಸ್ರೇ ಹೋಯ್ತೀವಿ" ಎಂದಳು ಅಜ್ಜಿ.

ಅವ್ವ ಬುತ್ತಿ ಕಟ್ಟುತ್ತಾ ತಲೆಯೆತ್ತದೆ ಹೇಳಿದಳು: "ಈ ಸಲ ಅವ್ನು ಬರ್ಲಿಲ್ಲ ಅಂದ್ರೆ ನಾನೂ ಅಲ್ಲೇ ಇದ್ಬುಡ್ತೀನಿ ಕಣತ್ತೆ."

ಅಪ್ಪ ಮೆಟ್ಟು ಹಾಕಿಕೊಂಡ.

ಬೆಟ್ಟ ಹತ್ತಿದೆವು. ನಡುವಿನ ದೊಣೆ ಮೊದಲಿನಂತೆಯೇ ತುಂಬಿ, ಅಂಚಿನಲ್ಲಿ ನೀರು ತುಳುಕುತ್ತಿತ್ತು. ಅವ್ವ ಮೊಣಕಾಲೂರಿ ತಂಬಿಗೆ ಮುಳುಗಿಸಿದಳು. "ಏಳು ಮಗ, ಹೊತ್ತಾಯ್ತು, ಮನೆಗೋಗನ ಬಾ" ಎಂದಳು. ಬೆಳಿಗ್ಗೆ ಅವನನ್ನು ಎಬ್ಬಿಸುತ್ತಿದ್ದ ಅದೇ ದನಿ.

ಅಜ್ಜಿ ಸಾಲು ಮಾಡಿದಳು. ಮುಂದೆ ತಾನು, ಆಮೇಲೆ ತಂಬಿಗೆ ಹಿಡಿದ ಅವ್ವ, ಆಮೇಲೆ ಅಪ್ಪ. ಅಪ್ಪನ ಹಿಂದೆ ಮಲ್ಲನ ಜಾಗ. ಅವನ ಹಿಂದೆ ನಾನು.

"ಮಗ ಕೊನೇಲಿ ಬಂದ್ರೆ ಹೆದ್ರಿಕೋತದೆ. ನೀನು ಹಿಂದಿರು. ಅವನ್ನ ದಾಟಿ ಮುಂದಕ್ಕೆ ಬರ್ಬ್ಯಾಡ, ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ. ನನಗೂ ಅಪ್ಪನಿಗೂ ನಡುವೆ ಒಂದು ಮಗು ನಡೆಯುವಷ್ಟು ಖಾಲಿ ಜಾಗ. ಅದನ್ನೇ ನೋಡುತ್ತಾ ಇಳಿಯತೊಡಗಿದೆ. ನೋಡಬೇಡ ಎಂದಿದ್ದು ಹಿಂದಕ್ಕೆ ತಾನೇ, ಮುಂದಿದ್ದುದನ್ನು ನೋಡಬಹುದಿತ್ತು. ಹುಲ್ಲು ಅಪ್ಪನ ಕಾಲಿಗೆ ಬಗ್ಗಿ, ಮತ್ತೆ ಏಳುತ್ತಿತ್ತು. ಕೆಲವು ಕಡೆ ಏಳಲು ಸ್ವಲ್ಪ ತಡ ಮಾಡುತ್ತಿತ್ತು.

"ಕಾರೆಗಿಡ ಕಣ್ಲಾ ಮಗ, ಕೈ ಹಾಕ್ಬ್ಯಾಡ, ಮುಳ್ಳವೆ. ನಿಮ್ಮಕ್ಕ ಕಿತ್ಕೊಡ್ತಾಳೆ" ಎಂದು ಅವ್ವ ಹೇಳಿದಳು. ನಾನು ಎರಡು ಹಣ್ಣು ಕಿತ್ತು ಲಂಗದಲ್ಲಿ ಕಟ್ಟಿಕೊಂಡೆ.

"ಇಲ್ಲಿ ಕೂತ್ಕಂಡು ಜಾರ್ಕಂಡ್ ಬಾರ್ಲಾ. ಚಡ್ಡಿ ಹರಿದ್ರೆ ಹರೀಲಿ, ನಿಮ್ಮವ್ವ ಬಯ್ಯಕ್ಕಿಲ್ಲ ಇವತ್ತು" ಎಂದಳು ಅಜ್ಜಿ. ಸ್ವಲ್ಪ ದೂರ ಹೋಗಿ, "ನಿಮ್ಮಪ್ಪನ್ನ ನೋಡ್ಲಾ. ಮೂಗ್ಬಸವನಂಗೆ ಬತ್ತಾವ್ನೆ. ಮಗನ್ನ ಮಾತಾಡ್ಸಕ್ಕೂ ಬಾಯಿಲ್ಲ" ಎಂದಳು.

ಅವ್ವನಿಗೆ ನಗು ಬಂತು. ಅವಳು ನಕ್ಕು ವರ್ಷವಾಗಿತ್ತು.

ಕೆಳಗಿನ ದೊಣೆ ದಾಟಿದ ಮೇಲೆ ಜರಿಯ ನೆತ್ತಿ. ಅಲ್ಲಿ ನೀರು ಬಂಡೆಯ ಮೇಲೆ ಹರಡಿಕೊಂಡು ಹರಿದು, ಪಕ್ಕದಲ್ಲೇ ಕೆಳಕ್ಕೆ ಬೀಳುತ್ತದೆ. ಅದನ್ನು ದಾಟಲೇಬೇಕು. ಅಜ್ಜಿ ಕೋಲೂರಿ ದಾಟಿದಳು. ಅವ್ವ ತಂಬಿಗೆಯನ್ನು ಎದೆಗವಚಿಕೊಂಡು ದಾಟಿದಳು. ಜರಿಯ ಸದ್ದಿಗೆ ಅವರ ಮಾತು ಕೇಳಿಸದಾಯಿತು. ನೀರು ನೋಡಿ ನನಗೆ ಹೆದರಿಕೆಯಾಯಿತು. ಗೊತ್ತಿಲ್ಲದಂತೆ ಅಪ್ಪನ ಹತ್ತಿರ, ಆ ಖಾಲಿ ಜಾಗಕ್ಕೇ ಬಂದುಬಿಟ್ಟಿದ್ದೆ.

ಅಪ್ಪ ನೀರಿಗೆ ಕಾಲಿಟ್ಟವನು ಅಲ್ಲೇ ನಿಂತ. ತಿರುಗಲಿಲ್ಲ. ಬಲಗೈಯನ್ನು ಹಿಂದಕ್ಕೆ ಚಾಚಿದ.

ನಾನು ಹಿಡಿದುಕೊಂಡೆ. ನನಗೇ ಎಂದುಕೊಂಡೆ. ಆ ಕೈ ನನ್ನ ಕೈ ಸುತ್ತ ಒಮ್ಮೆಗೇ ಬಿಗಿಯಾಯಿತು.

"ಹುಷಾರು ಕಣ್ಲಾ ಮಗ. ಕಲ್ಲು ಜಾರ್ತದೆ. ಅಪ್ಪ ಇಡ್ಕಂಡಿವ್ನಿ."

ನನ್ನನ್ನು ಅವನು ಯಾವತ್ತೂ 'ಲಾ' ಎಂದವನಲ್ಲ. ನಾನು 'ಅವ್ವಾ', ನಾನು 'ಕಣೇ'. ಮಲ್ಲ ಮಾತ್ರ 'ಕಣ್ಲಾ'. ನಾನು ಕಣಪ್ಪ ಎನ್ನಬಹುದಿತ್ತು. ಮಾತಾಡಿದರೆ ಅವನು ತಿರುಗಿ ನೋಡುತ್ತಿದ್ದ. ತಿರುಗಿದರೆ ಮಲ್ಲ ನೀರಿನ ಈ ದಡದಲ್ಲೇ ಉಳಿಯುತ್ತಿದ್ದ.

ದಾಟಿದ ಮೇಲೂ ಅಪ್ಪ ಕೈ ಬಿಡಲಿಲ್ಲ. ಇಳಿಜಾರಿನಲ್ಲಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಮಾತಾಡತೊಡಗಿದ. ಕರು ದೊಡ್ಡದಾಗಿರುವುದನ್ನು ಹೇಳಿದ. ಮೂಲೆಯ ಗಿಡ್ಡ ಮರ ಹೊಂಬಾಳೆ ಒಡೆದಿದೆ, ದೋಣಿ ಎತ್ತಿಟ್ಟಿದ್ದೀನಿ ಎಂದ. ಆಮೇಲೆ, "ಹೋದ್ವರ್ಸ ನಾನು ನಿನ್ನ ಕೈ ಬುಟ್ಬುಟ್ಟೆ ಕಣ್ಲಾ" ಎಂದ. ನನ್ನ ಕೈಯಲ್ಲಿ ಹಬ್ಬಕ್ಕೆ ತೊಡಿಸಿದ ಗಾಜಿನ ಬಳೆಗಳಿದ್ದವು. ಪ್ರತಿ ಹೆಜ್ಜೆಗೂ ಅವು ಅಪ್ಪನ ಬೆರಳಿಗೆ ತಾಕುತ್ತಲೇ ಇದ್ದವು.

ತೋಟದ ಬೇಲಿ ಬಂದಾಗ, "ಮನೆ ಬಂತು, ಓಡು" ಎಂದು ಕೈ ಬಿಟ್ಟ. ಆಗಲೂ ತಿರುಗಿ ನೋಡಲಿಲ್ಲ.

ಅಜ್ಜಿ ಹೊಸ್ತಿಲಿಗೆ ನೀರು ಹಾಕಿ ಒಳಗೆ ಕರೆದಳು. ತಂಬಿಗೆಯನ್ನು ದೇವರ ಗೂಡಿನಲ್ಲಿಟ್ಟು, ಅದರ ಮುಂದೆ ಒಂದು ತಟ್ಟೆ ರೊಟ್ಟಿ ಇಟ್ಟರು. ನಾನು ಲಂಗದ ಗಂಟು ಬಿಚ್ಚಿ ಎರಡು ಕಾರೆಹಣ್ಣು ಇಟ್ಟೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿಯನ್ನು ಕೇಳಲಿಲ್ಲ. ಇಂಥದ್ದನ್ನು ನಂಬದ ಅಪ್ಪನನ್ನೇ ಕೇಳಿದಳು.

"ಬಂದ್ನಾ? ನಿಜ ಹೇಳಿ."

"ಬಂದ" ಎಂದ ಅಪ್ಪ. "ನನ್ ಕೈ ಇಡ್ಕಂಡೇ ಬಂದ."

ಅವ್ವ ಅಪ್ಪನ ಬಲಗೈಯನ್ನು ಎತ್ತಿ, ಮೂಸಿ, ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಒಲೆಯ ಮುಂದೆ ಕುಳಿತು ರೊಟ್ಟಿ ತಿಂದಳು. ಚಟ್ನಿ ಇನ್ನೊಂಚೂರು ಹಾಕು ಎಂದು ಕೇಳಿ ಹಾಕಿಸಿಕೊಂಡಳು. ಬೆಟ್ಟದ ಬುಡಕ್ಕೆ ಅವಳು ಮತ್ತೆ ಹೋಗಲಿಲ್ಲ. ತುಂಬಾ ವರ್ಷ ಬದುಕಿದಳು.

ಅಪ್ಪನಿಗೆ ಗೊತ್ತಿತ್ತೇ? ಗೊತ್ತಿದ್ದೇ ಹಾಗೆಂದನೇ? ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ನನ್ನ ಕೈಯೆಂದು ಬರೆಯುವಾಗ ಈಗಲೂ ನನಗೆ ಪೂರ್ತಿ ಧೈರ್ಯ ಸಾಲದು. ಅಷ್ಟು ಹೊತ್ತು ಅಪ್ಪ ಮಾತಾಡಿದ್ದು ಮಲ್ಲನ ಹತ್ತಿರ. ಅದನ್ನು ಕೇಳಿಸಿಕೊಂಡದ್ದು ನಾನೊಬ್ಬಳೇ ಎಂದು ಹೇಗೆ ಹೇಳಲಿ? ಆಮೇಲೆ ಆ ಮನೆಯಲ್ಲಿ ಇರುವವರೆಗೂ ನಾನು ಅಪ್ಪನ ಹಿಂದೆ ನಡೆಯುವಾಗ ಒಂದಿಷ್ಟು ಜಾಗ ಬಿಟ್ಟೇ ನಡೆದೆ.

ಈಗ ಯಾರೂ ಯಾರನ್ನೂ ಹಾಗೆ ಕರೆತರುವುದಿಲ್ಲ. ಆ ಮಾತುಗಳು ಬರುತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ನಿಮ್ಮ ತಾತ ತುಮಕೂರಿನ ಆಸ್ಪತ್ರೆಯಲ್ಲಿ ಹೋದಾಗ ಅವರನ್ನು ವ್ಯಾನಿನಲ್ಲಿ ತಿಪಟೂರಿಗೆ ತಂದೆವು. ನಾನು ಅವರ ತಲೆಯ ಪಕ್ಕದಲ್ಲಿ ಕುಳಿತಿದ್ದೆ. ಕಿಟಕಿಯಾಚೆ ಗುಬ್ಬಿ ಬಂತು, ನಿಟ್ಟೂರು ಬಂತು. ಗುಬ್ಬಿ ದಾಟ್ತಾ ಇದೀವಿ ಕಣ್ರೀ, ಇಲ್ಲಿ ರಸ್ತೆ ಕುಲುಕುತ್ತೆ, ಇನ್ನೇನು ನಮ್ಮ ಮನೆ ಬಂತು ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಮುಂದೆ ಗುರುತಿಲ್ಲದ ಡ್ರೈವರಿದ್ದ. ಜೊತೆಗೆ ಬಂದವರು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು. ನನಗೆ ಸಂಕೋಚವಾಯಿತು. ಬಾಯಿ ಮುಚ್ಚಿಕೊಂಡೇ ಮನೆಯ ತನಕ ಬಂದೆ.

ಅವರು ಬಂದರೋ ಇಲ್ಲವೋ, ನನಗೆ ಗೊತ್ತಿಲ್ಲ.