ಬಾವಿಯಲ್ಲಿ ಸಿಕ್ಕ ಬಂದೂಕು

ನಿಜಾಮರ ಪಡೆ ಸೋತ ಆ ಮಳೆಗಾಲದಲ್ಲಿ ನಾನು ಹೈದರಾಬಾದಿನ ಓದು ಮುಗಿಸಿ ಲಿಂಗಸುಗೂರಿನ ಮನೆಯಲ್ಲಿದ್ದೆ. ಊರ ಹೊರಗಿನ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಗೆದ್ದು ಬಂದ ಸೈನಿಕರು ಕೈದಿಗಳನ್ನು ಕೂಡಿಹಾಕಿದ್ದರು. ಅವರಲ್ಲಿ ನಮ್ಮ ನೆರೆಮನೆಯ ಟಾಂಗಾದವನೂ ಇದ್ದ. ಸೋತ ಪಡೆಯವರನ್ನು ಒಮ್ಮೆ ತನ್ನ ಟಾಂಗಾದಲ್ಲಿ ಮಸ್ಕಿಗೆ ಬಿಟ್ಟು ಬಂದದ್ದೇ ಅವನ ತಪ್ಪು. ಒಲ್ಲೆ ಎಂದಿದ್ದರೆ ಅವರು ಕುದುರೆಯನ್ನೂ ಉಳಿಸುತ್ತಿರಲಿಲ್ಲ, ಅವನನ್ನೂ.

ಸೈನಿಕರ ಅಧಿಕಾರಿಗೆ ನಮ್ಮ ಮಾತು ಬಾರದು. ಇಂಗ್ಲಿಷ್ ಬಲ್ಲೆನೆಂದು ನನ್ನನ್ನು ಕರೆಸಿದರು. ಪ್ರಶ್ನೆ ಒಂದೇ: ಸೋತವರ ಬಂದೂಕುಗಳೆಲ್ಲಿ? ಟಾಂಗಾದವನ ಅಂಗಾಲುಗಳು ಬಾತು ಬಿರಿದಿದ್ದವು. 'ನನಗ ಗೊತ್ತಿಲ್ರೀ' ಎಂದಷ್ಟು ಸಲವೂ ಹೊಡೆದರು. ಕೊನೆಗೆ, 'ಮಸ್ಕಿ ದಾರ್ಯಾಗಿನ ಪಾಳು ಬಾವ್ಯಾಗ ಒಗದೀನಿ' ಎಂದ. ಹೊಡೆತ ನಿಂತಿತು. ನೋವು ತಡೆಯಲಾರದವನು ಏನನ್ನಾದರೂ ಹೇಳುತ್ತಾನೆ ಎಂದೆ.

'ನಾಳೆ ಬಾವಿ ಬರಿದು ಮಾಡಿ ನೋಡೋಣ. ಸುಳ್ಳಾದರೆ ಮತ್ತೆ ಕೇಳುತ್ತೇವೆ,' ಎಂದ ಅಧಿಕಾರಿ, ಸಭ್ಯವಾಗಿಯೇ.

ಸಂಜೆ ಟಾಂಗಾದವನ ಹೆಂಡತಿ ನಮ್ಮ ಅಂಗಳಕ್ಕೆ ಬಂದಳು. ನಡೆದದ್ದನ್ನು ಹೇಳಿದೆ.

'ಬಾವ್ಯಾಗ ಏನೂ ಇಲ್ಲ ತಮ್ಮಾ. ಅಂವ ಚಾಬೂಕ ಹಿಡದ್ರ ಕುದುರೀನ ನಗತಿತ್ತು, ಬಂದೂಕ ಎಲ್ಲಿ ಹಿಡೀತಾನ? ನಿಮ್ಮ ಮನ್ಯಾಗ ಹಂದಿ ಹೊಡಿಯೋ ಹಳೇ ಬಂದೂಕ ಐತಲ್ಲ, ಕೊಡು. ಬಾವ್ಯಾಗ ಹಾಕಿ ಬರ್ತೀನಿ.'

'ಸಿಕ್ಕರ ಅಂವ ತಪ್ಪ ಮಾಡ್ಯಾನ ಅಂತ ಆಗತೈತಿ ಅಕ್ಕಾ.'

'ಸಿಗಲಿಲ್ಲಂದ್ರ ಹೊಡದು ಕೊಲ್ತಾರ. ಇಷ್ಟ ಓದೀಯಲ್ಲ, ಮೂರನೇದು ಏನರ ಇದ್ರ ಹೇಳು.'



ಕೊಡಲಾರೆ ಎಂದದ್ದು ನನಗೆ ನೆನಪಿದೆ. ಆದರೆ ಗೋಡೆಯಿಂದ ಅದನ್ನು ಇಳಿಸಿಕೊಟ್ಟವನು ನೀನೇ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಗೋಣಿಚೀಲದಲ್ಲಿ ಸುತ್ತಿ ಕೊಟ್ಟೆನಂತೆ. ಈಗ ಆ ಗೋಣಿಯ ಒರಟು ನನ್ನ ಬೆರಳಿಗೂ ತಾಗುತ್ತದೆ. ಅವ್ವ ಹೇಳಿ ಹೇಳಿ ತಾಗುವಂತಾಯಿತೋ, ನಿಜವಾಗಿ ಮುಟ್ಟಿದ್ದೆನೋ ತಿಳಿಯದು.

ಮರುದಿನ ಎತ್ತು ಕಟ್ಟಿ ಬಾವಿಯ ನೀರನ್ನೆಲ್ಲ ಎತ್ತಿಸಿದರು. ಕೆಸರಿನಲ್ಲಿ ಬಂದೂಕು ಸಿಕ್ಕಿತು.

'ನೋಡಿದಿರಾ? ಕೇಳುವ ಹಾಗೆ ಕೇಳಿದರೆ ನಿಜ ಬರುತ್ತದೆ,' ಎಂದ ಅಧಿಕಾರಿ.

ಅದು ನಮ್ಮದೆಂದು ಬಾಯಿಬಿಟ್ಟರೆ ಆಕೆಯನ್ನೂ ಒಳಗೆ ಹಾಕುತ್ತಿದ್ದರು. ಒಂದು ಸಿಕ್ಕಮೇಲೆ ಉಳಿದವೂ ಇರಲೇಬೇಕೆಂದು ಆ ಮಧ್ಯಾಹ್ನವೇ ಟಾಂಗಾದವನನ್ನು ಮತ್ತೆ ಮಲಗಿಸಿ ಹೊಡೆದರು. ಈ ಸಲ ಅವನು ಪಕ್ಕದ ಊರು ಗೊರೇಬಾಳದ ಹುಲ್ಲಿನ ಬಣವೆಯೊಂದನ್ನು ಹೇಳಿದ.

ಜಿನ್ನಿನ ಬಾಗಿಲಲ್ಲಿ ಅವನ ಹೆಂಡತಿ ನನ್ನ ತೋಳು ಹಿಡಿದಳು.

'ಈಗ ಎಲ್ಲಿ ಅಂದ?'

ಹೇಳಿದೆ.

'ಗೊರೇಬಾಳದಾಗ ಯಾರ ಮನ್ಯಾಗ ಬಂದೂಕ ಐತೋ ತಮ್ಮಾ?'