ಬೈರಣ್ಣನ ಬಾವಿಗೆ ಬಂದ ಗಂಗೆ

ಬೈರಣ್ಣನಿಗೆ ಕೂತಲ್ಲಿ ಕೂರುವುದು ಹುಟ್ಟಿದಾಗಿನಿಂದ ಗೊತ್ತಿಲ್ಲ. ಸುಬ್ರಹ್ಮಣ್ಯಪುರದಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳಿವೆ. ಮನುಷ್ಯ ಆರಾಮಾಗಿ ಕಾಫಿ ಕುಡಿದುಕೊಂಡು ಇರಬಹುದು. ಅದು ಅವನ ಜಾತಕದಲ್ಲಿಲ್ಲ. ನಲ್ಲಿ ತಿರುಗಿಸುತ್ತಾನೆ, ಪೈಪಿಗೆ ಕಿವಿ ಕೊಡುತ್ತಾನೆ, ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಾನೆ.

ಈ ಹುಚ್ಚು ಹತ್ತಿದ್ದು ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ. ಬಾಡಿಗೆದಾರರ ಸ್ನಾನದ ನೀರು, ಬಟ್ಟೆ ಒಗೆದ ನೀರು ಚರಂಡಿ ಪಾಲಾಗುವುದನ್ನು ನೋಡಿ ಅವನ ಹೊಟ್ಟೆ ಉರಿಯಿತು. ಮೊದಲು ಹಾಕಿಸಿದ ಪ್ಲಾಸ್ಟಿಕ್ ಫಿಲ್ಟರ್ ಸೋಪಿನ ಜಿಡ್ಡು ಕಟ್ಟಿಕೊಂಡು ಕೈಕೊಟ್ಟಿತು. ಆಮೇಲೆ ಬಾಡಿಗೆಗಿದ್ದ ಇಂಜಿನಿಯರ್ ಮಾಧವ ಸೆರಾಮಿಕ್ ಮೆಂಬ್ರೇನ್ ತೋರಿಸಿದ. ನೋಡಲು ಬಿಳಿ ಕೊಳವೆಗಳು, ಸುಟ್ಟ ಮಣ್ಣಿನ ಜಾತಿಯವು. ಮೈಯೆಲ್ಲ ಕಣ್ಣಿಗೆ ಕಾಣದ ತೂತು. ನೀರು ದಾಟುತ್ತದೆ, ಕೊಳೆ ದಾಟದು. ಬಿಸಿನೀರು, ಆಸಿಡ್ ಹಾಕಿ ತೊಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಬೈರಣ್ಣ ಅದನ್ನೇ ಹಾಕಿಸಿದ. ಬಚ್ಚಲ ನೀರು ಬಂದು ಬೀಳುವ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸೋಪು ತಿಂದು ಮುಗಿಸಿದ ಮೇಲೆ ನೀರು ಈ ಕೊಳವೆಗಳಲ್ಲಿ ಸೋಸಿ ಬರುತ್ತಿತ್ತು. ಗಿಡಕ್ಕೆ, ಫ್ಲಷ್‌ಗೆ ಆಗಿ ಉಳಿದದ್ದನ್ನು ಬೈರಣ್ಣ ಹಳೇ ಬಾವಿಯ ಪಕ್ಕದ ಮಳೆನೀರಿನ ಇಂಗುಗುಂಡಿಗೆ ಬಿಟ್ಟ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬತ್ತಿದ್ದ ಬಾವಿಯಲ್ಲಿ ನೀರು ಕಂಡಿತು.

"ಗಂಗಮ್ಮ ವಾಪಸ್ ಬಂದ್ಲು ಕಣೋ!" ಎಂದು ಅವ್ವ ಮುನಿಲಕ್ಷ್ಮಮ್ಮ ಕೈ ಮುಗಿದಳು. ಬಚ್ಚಲಲ್ಲಿಟ್ಟ ಚೊಂಬನ್ನು ಅಡುಗೆಮನೆಗೆ ಬಿಡದ ಹೆಂಗಸು ಅವಳು. ಬರೀ ಮಳೆನೀರು ಎಂದೇ ತಿಳಿದಿದ್ದಳು. ಬೈರಣ್ಣ ಬಾಯಿಗೆ ಬೀಗ ಹಾಕಿಕೊಂಡ.

ಈಗ ಮಗಳು ಪ್ರಿಯಾಂಕಾಳ ಮದುವೆ. ಮದುಮಗಳ ಅರಿಶಿನದ ಸ್ನಾನಕ್ಕೆ ಬಾವಿಗೆ ಪೂಜೆ ಮಾಡಿ ಗಂಗೆ ತರುವುದು ಅವರ ಮನೆಯ ಪದ್ಧತಿ. ಬಾವಿ ಬತ್ತಿದ ಮೇಲೆ ನಲ್ಲಿಗೇ ಕುಂಕುಮ ಹಚ್ಚಿ ಶಾಸ್ತ್ರ ಮುಗಿಸುತ್ತಿದ್ದರು. ಈ ಸಲ ಬಾವಿಯಿಂದಲೇ ಎಂದು ಅವ್ವ ನೆಂಟರಿಗೆಲ್ಲ ಸಾರಿಯಾಗಿತ್ತು. ಹೇಳಿದರೆ ಅವಳ ಗಂಗಮ್ಮ ಹೋಗುತ್ತಾಳೆ. ಹೇಳದಿದ್ದರೆ ಹೆತ್ತವಳಿಗೇ ಮೋಸ. ಬೈರಣ್ಣ ಕಾಲು ಸುಟ್ಟ ಬೆಕ್ಕಿನ ಹಾಗೆ ಚಪ್ಪರಕ್ಕೂ ಬಾವಿಗೂ ಓಡಾಡಿದ.

ವಾಲಗ ಶುರುವಾಯಿತು. ಪೂಜೆ ಮುಗಿಯಿತು. ನೀರು ಸೇದಿ ತುಂಬಿಸಿದ ಕಳಶವನ್ನು ಅವ್ವ ಬಗ್ಗಿ ಎತ್ತುವಾಗ ಅವನಿಗೆ ತಡೆಯಲಾಗಲಿಲ್ಲ.

"ಅವ್ವ, ಅದು ಬರೀ ಮಳೆನೀರಲ್ಲ. ಬಾಡಿಗೆ ಮನೆಯೋರ ಬಚ್ಚಲು ನೀರೂ ಸೇರೈತೆ. ಸೋಸಿ ಬಿಟ್ಟಿದೀನಿ."

ವಾಲಗ ನಿಂತಿತು. ನೆಂಟರು ಮುಖ ಮುಖ ನೋಡಿಕೊಂಡರು.

"ಶುದ್ಧವಾಗೈತಾ?" ಎಂದಳು ಅವ್ವ.

"ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೀನಿ. ಸ್ನಾನಕ್ಕೆ ಏನೂ ತೊಂದ್ರೆ ಇಲ್ಲ ಅಂದವ್ರೆ."

"ಅವ್ರು ಅಂದಿದ್ದು ಬುಡು. ನೀನು ಸ್ನಾನ ಮಾಡಿದೀಯಾ?"

ಬೈರಣ್ಣ ತಲೆ ತಗ್ಗಿಸಿದ. ಲೋಟದಲ್ಲಿ ಹಿಡಿದು ದಿನಾ ಬಿಸಿಲಿಗೆ ಎತ್ತಿ ನೋಡಿದ್ದ. ಮೈಮೇಲೆ ಮಾತ್ರ ಒಂದು ಚೊಂಬೂ ಹುಯ್ದುಕೊಂಡಿರಲಿಲ್ಲ. ನಾಚಿಕೆಯಾಯಿತು.

"ನಿನ್ನ ಮೈಗೆ ಬ್ಯಾಡದ್ದು ನನ್ನ ಮೊಮ್ಮಗಳ ತಲೆ ಮ್ಯಾಲೆ ಹುಯ್ಬೇಕೇನೋ?"

ಬೈರಣ್ಣ ರೇಷ್ಮೆ ಪಂಚೆಯಲ್ಲೇ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

"ಹುಯ್ಯಿ ಅವ್ವ."

ಮುನಿಲಕ್ಷ್ಮಮ್ಮ ಇಡೀ ಕಳಶವನ್ನು ಅವನ ನೆತ್ತಿಯ ಮೇಲೆ ಬೋರಲು ಹಾಕಿದಳು. ನೀರು ಮೀಸೆ, ಹೊಸ ಶರಟು ಇಳಿದು ಕಲ್ಲಿನ ಮೇಲೆ ಹರಿಯಿತು. ಬೈರಣ್ಣ ಅಲುಗಾಡದೆ ಕೂತಿದ್ದ. ಅವ್ವ ಬಗ್ಗಿ ಅವನ ಒದ್ದೆ ಕೂದಲನ್ನು ಮೂಸಿ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಗೆ ಮತ್ತೆ ಕೊಡ ಇಳಿಸಿದಳು.

"ವಾಲಗ ಯಾಕ್ರೋ ನಿಂತೋಯ್ತು?" ಎಂದಳು.