ಭಂಡಾರದ ಗೆರೆಯೊಳಗೆ ಚೌಡಣ್ಣ

ಕಾನಹೊಸಹಳ್ಳಿ ಹತ್ತಿರದ ನಮ್ಮೂರಿನ ಚೌಡಣ್ಣನನ್ನು ಕುರಿ ಕಾಯುವವನು ಎಂದರೆ ಅವನಿಗೆ ಸಿಟ್ಟು. 'ಹುಲ್ಲುಗಾವಲು ಸಮಿತಿ ಅಧ್ಯಕ್ಷರು' ಅನ್ನಬೇಕು. ಸಮಿತಿ ಕಟ್ಟಿದ್ದೂ ಅವನೇ, ಅಧ್ಯಕ್ಷನ ಹೆಸರು ಸೂಚಿಸಿದ್ದೂ ಅವನೇ, ಮೊದಲ ಚಪ್ಪಾಳೆ ತಟ್ಟಿದ್ದೂ ಅವನೇ.

ಕೆಲಸ ಮಾತ್ರ ಸುಳ್ಳಲ್ಲ. ಹಿಂದೊಮ್ಮೆ ಬೋಳುಗುಡ್ಡದ ನೀರು ಏಕಾಏಕಿ ಇಳಿದು ಅವನ ಕುರಿಹಟ್ಟಿಯನ್ನು ಮರಿಗಳ ಸಮೇತ ಕೊಚ್ಚಿಕೊಂಡು ಹೋಗಿತ್ತು. ಆಮೇಲೆ ಅವನು ಊರವರನ್ನು ಕಾಡಿ ಬೇಡಿ ಗುಡ್ಡದ ಬಳ್ಳಾರಿ ಜಾಲಿ ಕೀಳಿಸಿ, ನೀರು ತಡೆಯಲೆಂದು ನಮ್ಮದೇ ಕರಡ ಹುಲ್ಲಿನ ಬೀಜ ಚೆಲ್ಲಿಸಿದ. ಈಗ ಹುಲ್ಲು ಮೊಣಕಾಲುದ್ದ. ಊರ ಕುರಿಗಳ ಕಣ್ಣೆಲ್ಲ ಅತ್ತಲೇ. ದೊಡ್ಡ ಮಳೆಗೆ ಮುಂಚೆ ಅವು ಮೇದುಬಿಟ್ಟರೆ ಹೊಸ ಹಟ್ಟಿಯೂ ಹಳ್ಳದ ಪಾಲು.

ತಂತಿ ಬೇಲಿ ಹಾಕಿದರೆ ನಮ್ಮವರು ಎತ್ತಿ ನುಸುಳುತ್ತಾರೆ. ಕುರಿಗಾರರ ದೇವರು ಬೀರಪ್ಪನ ಭಂಡಾರದ ಗೆರೆಯನ್ನು ಮಾತ್ರ ಯಾರೂ ದಾಟುವುದಿಲ್ಲ. ಅಧ್ಯಕ್ಷರು ಬುಟ್ಟಿ ತುಂಬ ಅರಿಶಿನದ ಭಂಡಾರ ಹಿಡಿದು ಗುಡ್ಡದ ಸುತ್ತ ಚೆಲ್ಲುತ್ತ ಹೋದರು. ಗೆರೆಯ ತುದಿಗೆ ತುದಿ ಕೂಡಿಸಿ ಗುಡುಗಿದರು: "ಹುಲ್ಲು ಬಲಿಯೋ ತನಕ ಈ ಗೆರಿ ದಾಟಿದಾವನ್ನ ಬೀರಪ್ಪನೇ ನೋಡ್ಕೊಳ್ಳಲಿ!"

ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಅವರ ಕಾಲು ನೋಡುತ್ತಿದ್ದರು. ಭಂಡಾರ ತುಳಿಯಬಾರದೆಂದು ಹುಲ್ಲಿನ ಕಡೆಯಿಂದಲೇ ನಡೆದಿದ್ದ ಅಧ್ಯಕ್ಷರು ಗೆರೆಯ ಒಳಗೇ ಉಳಿದಿದ್ದರು.

"ಬರ್ರಿ ಅಧ್ಯಕ್ಷರ, ಚಾ ಆರತೈತಿ" ಎಂದಳು ಹೆಂಡತಿ ಓಬಮ್ಮ.

"ಹೆಂಗ ಬರ್ಲಿ ಲೇ? ಆಣಿ ಹಾಕೀನಲ್ಲ!"

"ಹಂಗಾರ ಅಲ್ಲೇ ಮೇಯ್ರಿ."

ಹಾಗೆಂದರೂ ರೊಟ್ಟಿ ಗಂಟು ಎಸೆದಳು. ಅದು ಬಿದ್ದಲ್ಲಿಂದ ಕೌಜುಗ ಹಕ್ಕಿಯೊಂದು ಭರ್ರನೆ ಎದ್ದಿತು. ಹುಲ್ಲು ಸರಿಸಿ ನೋಡಿದ ಚೌಡಣ್ಣ ಕುಣಿದೇಬಿಟ್ಟ. "ಬರ್ರಿಲೇ! ಕೌಜುಗ ತತ್ತಿ ಇಟ್ಟೈತಿ! ನಮ್ಮ ಗುಡ್ಡದಾಗ!"

"ಬರಾಕ ನೀನ ಬಿಡವಲ್ಲಿ ಮಾವ!" ಎಂದು ಯಾರೋ ಕೂಗಿದರು. ನಾವೆಲ್ಲ ಗೆರೆಯಾಚೆ ಕತ್ತು ಉದ್ದ ಮಾಡಿಕೊಂಡು ನಿಂತೆವು.

ಅಷ್ಟರಲ್ಲಿ ಉಜ್ಜಿನಿ ಕಡೆಯಿಂದ ಕಪ್ಪಗೆ ಎದ್ದ ಮಳೆ ಸುರಿಯತೊಡಗಿತು. ಸುರಿದೇ ಸುರಿಯಿತು. ಭಂಡಾರ ಕರಗಿ ಹರಿಯಿತು. ಗೆರೆ ಅಳಿದದ್ದೇ ತಡ, ಚೌಡಣ್ಣ ಹಟ್ಟಿಗೆ ಓಡಿದ. ನಾವು ಅವನ ಹಿಂದೆ.

ನೀರು ಬಂತು. ಆದರೆ ಆ ಹಳೆಯ ಅಬ್ಬರವಿಲ್ಲ. ಹುಲ್ಲಿನ ಬುಡಬುಡಕ್ಕೂ ತಡೆದು, ತೆಳ್ಳಗೆ ಹಳದಿಯಾಗಿ, ಹಟ್ಟಿಯ ಕಲ್ಲನ್ನು ಮುಟ್ಟಿ ಪಕ್ಕಕ್ಕೆ ಸರಿಯಿತು. ಒಳಗೆ ಮರಿಗಳು ಬೆಚ್ಚಗಿದ್ದವು.

"ನಿಂತೈತಿ! ಹಟ್ಟಿ ನಿಂತೈತಿ!" ಅಧ್ಯಕ್ಷಗಿರಿ ಮರೆತು ಚೌಡಣ್ಣ ಕೆಸರಲ್ಲಿ ಜಿಗಿದಾಡಿದ.

ಮರುದಿನ ಕೌಜುಗ ಮತ್ತೆ ತತ್ತಿಯ ಮೇಲೆ ಕೂತಿತ್ತು. ಗೆರೆ ಹೊಸದಾಗಿ ಎಳೆಯಬೇಕಿತ್ತು. ಓಬಮ್ಮ ಭಂಡಾರದ ಬುಟ್ಟಿ ಕೊಟ್ಟಳು, ಗಂಡನನ್ನು ರಟ್ಟೆ ಹಿಡಿದು ಹೊರಗೆ ನಿಲ್ಲಿಸಿದ ಮೇಲೆ.